ಕೋಲು ಯಾವ ಕೈಯಲ್ಲಿರಬೇಕು?

ಮುಂಬೈಯ ಕುರ್ಲಾ ಪೂರ್ವದ ಬಂಟರ ಭವನದಲ್ಲಿ ಕಾರ್ಯಕ್ರಮವಿದ್ದ ದಿನ ಸ್ಟೇಷನ್ನಿನ ಮೇಲ್ಸೇತುವೆಯ ಬದಿಗೆ ಸ್ವಲ್ಪ ಹೊತ್ತು ನಿಂತು ನೋಡಿ. ಬಲ ಸೊಂಟ ಹಿಡಿದುಕೊಂಡವರು ಕೋಲನ್ನೂ ಬಲಗೈಯಲ್ಲೇ ಊರಿ ಮೆಟ್ಟಿಲು ಹತ್ತುತ್ತಿರುತ್ತಾರೆ. ನೋವಿರುವ ಕಡೆಗೇ ಆಸರೆ ಬೇಕೆಂದು ಯಾರಿಗಾದರೂ ಅನಿಸುತ್ತದೆ. ಅದು ತಪ್ಪೆಂದು ಲೆಕ್ಕ ಹಾಕಿ ತೋರಿಸಲು ಮನುಷ್ಯನಿಗೆ ಸುಮಾರು 350 ವರ್ಷ ಬೇಕಾಯಿತು.

ಆ ಲೆಕ್ಕ ಶುರುವಾಗುವುದು ಬಲಗಳ ಕೂಡಿಕೆಯಿಂದ. ಅದು ಕಿರಾಣಿ ಅಂಗಡಿಯ ಚೀಟಿಯಂತೆ ನಡೆಯುವುದಿಲ್ಲ. ಮೂರು ಕಿಲೋ, ನಾಲ್ಕು ಕಿಲೋ ಎಳೆತಗಳು ಒಂದೇ ದಿಕ್ಕಿಗಿದ್ದರೆ ಏಳು, ಎದುರುಬದುರಾದರೆ ಒಂದು, ಲಂಬವಾಗಿದ್ದರೆ ಐದು. ಇದರ ಎಳೆ ಹಿಡಿದವನು ಗಣಿತಜ್ಞ ಸೈಮನ್ ಸ್ಟೆವಿನ್. 1586ರಲ್ಲಿ ಲೈಡನ್‌ನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಒಂದು ಚಿತ್ರವಿದೆ: ಎರಡು ಇಳಿಜಾರುಗಳ ಮೇಲೆ 14 ಗುಂಡುಗಳ ಮಾಲೆ. ಉದ್ದನೆಯ ಇಳಿಜಾರಿನಲ್ಲಿ ನಾಲ್ಕು ಗುಂಡು, ಗಿಡ್ಡದರಲ್ಲಿ ಎರಡು, ಉಳಿದವು ಕೆಳಗೆ ಜೋತಾಡುತ್ತವೆ. ಮಾಲೆ ತಾನಾಗಿ ಸುತ್ತುತ್ತಲೇ ಇರಲಾರದು. ಅಂದಮೇಲೆ ಆ ಎರಡು ಗುಂಡು ಈ ನಾಲ್ಕನ್ನು ತಡೆದಿವೆ! ಎಷ್ಟು ಸರಳ, ಎಷ್ಟು ಚೆಂದ. 1687ರಲ್ಲಿ ನ್ಯೂಟನ್ ತನ್ನ ಚಲನೆಯ ನಿಯಮಗಳ ಬೆನ್ನಿಗೇ ಬಲಗಳ ಸಮಾಂತರ ಚತುರ್ಭುಜವನ್ನು ಇಟ್ಟ: ಎರಡು ಬಲಗಳನ್ನು ಅದರ ಬದಿಗಳಾಗಿ ಗೀಚಿದರೆ ನಡುವಿನ ಕರ್ಣವೇ ಅವುಗಳ ಮೊತ್ತ.

ಅಷ್ಟರೊಳಗೆ ಇಟಲಿಯ ಬೊರೆಲ್ಲಿ ಈ ಗಣಿತವನ್ನು ಮೈಯೊಳಕ್ಕೆ ತಂದಿದ್ದ. ಅವನು ತೀರಿಕೊಂಡ ಮೇಲೆ, 1680–81ರಲ್ಲಿ ಪುಸ್ತಕ ಹೊರಬಂತು. ಸ್ನಾಯುಗಳು ಸಣ್ಣ ಬಲದಿಂದ ದೊಡ್ಡ ಭಾರ ಎತ್ತುತ್ತವೆಂದು ಜನ ನಂಬಿದ್ದರು. ಸಂಗತಿ ತಿರುವುಮುರುವು ಎಂದ ಬೊರೆಲ್ಲಿ. ಮೊಣಕೈ ಮಡಚಿ ಐದು ಕಿಲೋ ತರಕಾರಿ ಚೀಲ ಹಿಡಿಯಿರಿ. ಚೀಲ ಮೊಣಕೈಯಿಂದ 35 ಸೆಂಟಿಮೀಟರ್ ದೂರ, ತೋಳಿನ ಸ್ನಾಯು ಅಂಟಿರುವುದು ಸುಮಾರು ಐದು ಸೆಂಟಿಮೀಟರಿನಲ್ಲಿ. ಹಾಗಾಗಿ ಸ್ನಾಯು 35 ಕಿಲೋ ಎಳೆಯಬೇಕು. ಮೇಲಕ್ಕೆ 35, ಕೆಳಕ್ಕೆ ಐದು. ಉಳಿದ 30 ಕಿಲೋ ಕೀಲನ್ನು ಒತ್ತುತ್ತದೆ.

ಸೊಂಟದ ಲೆಕ್ಕವನ್ನು ಬಿಡಿಸಿದವರು ಜರ್ಮನಿಯ ಮೂಳೆವೈದ್ಯ ಫ್ರೀಡ್ರಿಶ್ ಪೌವೆಲ್ಸ್, 1935ರಲ್ಲಿ. 60 ಕಿಲೋ ತೂಕದವರು ಬಲಗಾಲೊಂದರಲ್ಲಿ ನಿಂತರೆ, ಆ ಕಾಲು ಬಿಟ್ಟು ಉಳಿದ ಮೈ ಸುಮಾರು 50 ಕಿಲೋ. ಅದು ಕೀಲಿನ ಒಳಬದಿಗೆ ಜಗ್ಗುತ್ತದೆ, ಹೊರಬದಿಯ ಸ್ನಾಯು ತಡೆಯುತ್ತದೆ. ಸ್ನಾಯುವಿನ ಕಡೆಯ ದೂರ ಅರ್ಧದಷ್ಟೇ ಎಂದಿಟ್ಟುಕೊಂಡರೂ ಅದು 100 ಕಿಲೋ ಎಳೆಯಬೇಕು. ನಡುವೆ ಸಿಕ್ಕ ಕೀಲಿಗೆ ಎರಡೂ ಬೀಳುತ್ತವೆ. ಸ್ನಾಯು ತುಸು ಓರೆಯಾಗಿರುವುದರಿಂದ ಒಟ್ಟು 150ಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೆ. ಪ್ರತಿ ಹೆಜ್ಜೆಗೂ ಇಷ್ಟು!

ಈಗ ಕೋಲನ್ನು ಎಡಗೈಗೆ ಕೊಡಿ. ಬಲ ಕೀಲಿನಿಂದ ಅದು ಸುಮಾರು 50 ಸೆಂಟಿಮೀಟರ್ ದೂರ, ಸ್ನಾಯು ಐದೇ ಸೆಂಟಿಮೀಟರ್. ಕೋಲಿನ ಮೇಲೆ ಒಂದು ಕಿಲೋ ಒತ್ತಿದರೆ ಸ್ನಾಯುವಿನ ಎಳೆತ ಸುಮಾರು ಹತ್ತು ಕಿಲೋ ಇಳಿಯುತ್ತದೆ. 1956ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಬ್ಲೌಂಟ್, ಊರುಗೋಲನ್ನು ಎಸೆಯಬೇಡಿ ಎಂಬ ತಲೆಬರಹದಲ್ಲೇ ಲೇಖನ ಬರೆದು ಬೇಡಿಕೊಂಡರು.

ಮನೆಯಲ್ಲಿ ಸೊಂಟನೋವಿನ ಅಜ್ಜ, ಅಜ್ಜಿ ಇದ್ದರೆ ಇವತ್ತೇ ಹೇಳಿ: ಕೋಲು ನೋವಿಲ್ಲದ ಬದಿಯ ಕೈಯಲ್ಲಿರಲಿ, ನೋಯುವ ಕಾಲಿನ ಜೊತೆಗೇ ಮುಂದಕ್ಕೆ ಹೋಗಲಿ.