ರೆಕೇಜ್ ಎಂದರೆ ಯಾವುದರ ಅವಶೇಷ?

ಇವತ್ತು ಒಂದು ಇಂಗ್ಲಿಷ್ ಪದದ ವಿಚಾರ: ರೆಕೇಜ್. ಬರೆಯುವಾಗ ಮೊದಲಿಗೆ ಡಬ್ಲ್ಯು ಇದೆ, ಓದುವಾಗ ಅದನ್ನು ನುಂಗಬೇಕು. ಮೂಲ ಪದ ರೆಕ್. ಹಡಗು ಒಡೆದು ಅಲೆಗಳು ದಡಕ್ಕೆ ತಂದೆಸೆದ ಸಾಮಾನಿಗೆ ಹಿಂದೆ ಇಂಗ್ಲೆಂಡಿನಲ್ಲಿ ಹಾಗೆನ್ನುತ್ತಿದ್ದರು. ಬರಬರುತ್ತಾ ಒಡೆದ ಹಡಗಿಗೂ, ರೈಲು, ಮೋಟಾರು, ವಿಮಾನಗಳು ಬಂದ ಮೇಲೆ ಅವುಗಳ ಮುರಿದ ಭಾಗಗಳಿಗೂ ಅದೇ ಮಾತು ಸಂದಿತು.

ಆದರೆ ಕಾಲಕ್ರಮದಲ್ಲಿ ಹಾಳಾದ ಹಳೆಯ ಕಟ್ಟಡಕ್ಕೆ ಅದು ಒಪ್ಪುವುದಿಲ್ಲ. ಕೆಳದಿಯ ಶಿವಪ್ಪ ನಾಯಕನ ಹೆಸರಿನೊಂದಿಗೆ ಸೇರಿಕೊಂಡ ನಮ್ಮ ಬೇಕಲ ಕೋಟೆಯೊಳಗೆ ಅಳಿದುಳಿದ ಕಟ್ಟಡಗಳಿಗೆ ರೂಯಿನ್ಸ್ ಎನ್ನಬೇಕು. ಲಾಂಗ್‌ಹರ್ಸ್ಟ್ ಸಾಹೇಬರು ಹಂಪಿಯ ಬಗ್ಗೆ 1917ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೂ ಇದೇ ಪದವಿದೆ. ನಾವು ಹಾಳು ಹಂಪಿ ಎನ್ನುತ್ತೇವಲ್ಲ, ಹಾಗೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜರಿದು ಬಂದ ಕಲ್ಲು, ಕೆಸರು, ಮರದ ರಾಶಿಗೆ ಡೆಬ್ರಿ. ಅದರ ಕೊನೆಯ ಎಸ್ ಅಕ್ಷರವನ್ನೂ ಉಚ್ಚರಿಸುವಂತಿಲ್ಲ. ಇಂಗ್ಲಿಷಿನವರಿಗೆ ಅಕ್ಷರ ಬರೆದು ಬಿಡುವುದೊಂದು ಅಭ್ಯಾಸ!

ಬ್ಯಾಂಕಿನಲ್ಲಿ ವಾಹನ ಸಾಲದ ಕಡತ ನೋಡುತ್ತಿದ್ದ ನಮಗೆ ರೆಕ್ ಬಹಳ ಪರಿಚಯದ ಪದ. ಪೂರ್ತಿ ನಜ್ಜುಗುಜ್ಜಾದ ಜೀಪಿಗೂ ಗುಜರಿ ಬೆಲೆ ಉಂಟು. ಮಲಯಾಳದಲ್ಲಿ ಅದನ್ನೇ ಆಕ್ರಿ ಎನ್ನುತ್ತಾರೆ. ಜೀಪನ್ನು ಮಾಲೀಕರೇ ಇಟ್ಟುಕೊಂಡರೆ ವಿಮೆಯವರು ಆ ಬೆಲೆಯನ್ನು ಕಳೆದು ಉಳಿದದ್ದನ್ನು ಕೊಡುತ್ತಾರೆ. ಸಹಿ ಹಾಕುವ ಮೊದಲು ರೆಕ್ ಎಂಬಲ್ಲಿ ಎಷ್ಟು ಬರೆದಿದ್ದಾರೆಂದು ನೋಡಿಕೊಳ್ಳಿ.

ಇನ್ನು ಮುಖ್ಯವಾದ ಮಾತು. 2010ರ ಮೇ 22ರ ಬೆಳಿಗ್ಗೆ ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯಲ್ಲಿ ರನ್‌ವೇ ದಾಟಿ, ಗುಡ್ಡದ ಕೆಳಗೆ ಬಿದ್ದು ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ನಮ್ಮ ಜಿಲ್ಲೆಯವರು ಅನೇಕರಿದ್ದರು. ಬ್ಲ್ಯಾಕ್ ಬಾಕ್ಸ್ ಸಿಕ್ಕಿದ್ದು ರೆಕೇಜಿನಲ್ಲಿ. ಹೆಸರು ಕಪ್ಪಾದರೂ ಅದರ ಬಣ್ಣ ಕಿತ್ತಳೆ. ಮನುಷ್ಯರದ್ದಕ್ಕೆ ಇಂಗ್ಲಿಷಿನಲ್ಲಿ ರೆಕೇಜ್ ಎನ್ನುವುದೇ ಇಲ್ಲ, ರಿಮೇನ್ಸ್ ಎನ್ನುತ್ತಾರೆ. ಮಲಯಾಳದ ಅವಶಿಷ್ಟ, ನಮ್ಮ ಅವಶೇಷ ಇವೆರಡೂ ಎರಡು ಕಡೆಗೂ ಎಳೆದರೆ ಹೋಗುವ ಪದಗಳು. "ಅವಶೇಷ ಸಿಕ್ಕಿದೆ" ಎಂದು ಬರಿದೆ ಹೇಳಿದರೆ, ಮಗನ ಸುದ್ದಿಗೆ ಕಾದು ಕುಳಿತ ಮನೆಯವರು ಏನೆಂದು ತಿಳಿಯಬೇಕು? ರೆಕ್ಕೆ ಸಿಕ್ಕಿತೆಂದೋ, ಮಗ ಸಿಕ್ಕಿದನೆಂದೋ? ಸುಟ್ಟ ದೇಹಗಳ ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಬೇಕಾಗಿದ್ದ ದಿನಗಳವು.

ಆದ್ದರಿಂದ ಭಾಷಾಂತರ ಮಾಡುವಾಗ "ವಿಮಾನದ ಅವಶೇಷ" ಎಂದು ಎರಡೂ ಪದ ಸೇರಿಸಿಯೇ ಹೇಳಬೇಕು. ಮನುಷ್ಯರಿಗೆ ಮೃತದೇಹ, ಪಾರ್ಥಿವ ಶರೀರ ಎಂಬ ಪದಗಳಿವೆ. ಕಳೇಬರ ಬೇಡ, ಈಗೀಗ ಅದನ್ನು ಆನೆ, ಚಿರತೆ ಸತ್ತಾಗಲೇ ಹೆಚ್ಚಾಗಿ ಬರೆಯುವುದು.