ಹಳೇ ಹೆಲಿಕಾಪ್ಟರ್ ಯಾವಾಗ ನಿವೃತ್ತಿಯಾಗಬೇಕು? ವಿಜಯವಾಡದ ತಾರಸಿಯಿಂದ ವಿಶಾಖಪಟ್ಟಣದ ಬೀಚಿನವರೆಗೆ

ವಿಡಿಯೊ ನೋಡೋಕೆ ಬಿಡುವಿಲ್ಲ, ಓದೋದೇ ಅನುಕೂಲ ಅನ್ನೋರಿಗಾಗಿ ಈ ವಾರದ ಮಾತನ್ನು ಎಂದಿನಂತೆ ಇಲ್ಲಿ ಬರಹದಲ್ಲಿ ಹಾಕ್ತಿದ್ದೀನಿ.

ಮನೆಯ ಕಥೆಯಿಂದಲೇ ಶುರು ಮಾಡ್ತೀನಿ. ನಮ್ಮಕ್ಕನ ಮನೆ ಇರೋದು ವಿಜಯವಾಡದ ಸಿಂಗ್ ನಗರದಲ್ಲಿ. 2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಹಳ್ಳ ಉಕ್ಕಿ ಊರೊಳಗೆ ನುಗ್ಗಿತು. ಅತ್ತ ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯುತ್ತಿತ್ತು. ಅಕ್ಕ, ಭಾವ, ಇಬ್ಬರು ಮಕ್ಕಳು ತಾರಸಿ ಹತ್ತಿ ಕೂತರು. ನನಗೆ ಬೆಂಗಳೂರಲ್ಲಿ ಎರಡು ದಿನ ಫೋನೇ ಸಿಗಲಿಲ್ಲ. ಆಮೇಲೆ ಸಿಕ್ಕಾಗ ಅಕ್ಕ ಹೇಳಿದ್ದು ಇಷ್ಟೇ: "ಹೆಲಿಕಾಪ್ಟರ್ ಬಂತು ಕಣೋ, ಅನ್ನದ ಪೊಟ್ಟಣ ಹಾಕಿ ಹೋಯ್ತು."

ಆವತ್ತು ವಿಜಯವಾಡಕ್ಕೆ ನೌಕಾಪಡೆಯ ಹೆಲಿಕಾಪ್ಟರ್‌ಗಳು ವಿಶಾಖಪಟ್ಟಣದಿಂದ ಬಂದಿದ್ದವು. ಅವುಗಳಲ್ಲಿ ಧ್ರುವ್ ಇತ್ತು, ಚೇತಕ್ ಕೂಡ ಇತ್ತು. ಚೇತಕ್ ಅಂದ್ರೆ ಫ್ರಾನ್ಸಿನ ಅಲೂಯೆಟ್-3. ಆ ಮಾದರಿ ಮೊದಲು ಹಾರಿದ್ದು 1959ರಲ್ಲಿ. ನಮ್ಮ ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ಅದನ್ನು ತಯಾರಿಸಿತು.

ಆಮೇಲೊಮ್ಮೆ ಭಾವನ ಜೊತೆ ವಿಶಾಖಪಟ್ಟಣದ ಆರ್.ಕೆ. ಬೀಚಿಗೆ ಹೋಗಿದ್ದೆ. ಅಲ್ಲಿ ರಸ್ತೆ ಪಕ್ಕದಲ್ಲೇ ಟಿಯು-142 ಅನ್ನೋ ದೊಡ್ಡ ರಷ್ಯನ್ ವಿಮಾನ ಮ್ಯೂಸಿಯಂ ಆಗಿ ನಿಂತಿದೆ. ಅದರ ರೆಕ್ಕೆಯ ನೆರಳಲ್ಲಿ ನಿಂತು ನಾನು ಜಾಣತನ ತೋರಿಸೋಕೆ ಹೋದೆ. "ಭಾವ, ಇದನ್ನ ಸರಿಯಾದ ಹೊತ್ತಿಗೆ ನಿವೃತ್ತಿ ಮಾಡಿದ್ರು. ಆ ಚೇತಕ್‌ಗಳನ್ನೂ ಎಂದೋ ಮಾಡಬೇಕಿತ್ತು" ಅಂದೆ. ಭಾವ ನಗಲಿಲ್ಲ. "ನೋಡಪ್ಪ, ನಾವು ತಾರಸಿ ಮೇಲೆ ಕೂತಿದ್ದಾಗ ಹಳೇದೋ ಹೊಸದೋ, ಬಂತಲ್ಲ. ನಿನ್ನ ಹೊಸದು ಎಲ್ಲಿತ್ತು?" ಅಂದ್ರು.

ನನ್ನ ಬಾಯಿ ಕಟ್ಟಿಹೋಯ್ತು. ಈ ವಾರದ ಮಾತು ಆ ಪ್ರಶ್ನೆಗೆ ಉತ್ತರ ಹುಡುಕೋ ಪ್ರಯತ್ನ.

ಮೊದಲು, ಮಿಲಿಟರಿ ವಿಮಾನಕ್ಕೆ ವಯಸ್ಸಾಗೋದು ಹೇಗೆ? ಹುಟ್ಟಿದ ವರ್ಷ ಒಂದೇ ಲೆಕ್ಕ ಅಲ್ಲ. ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ಇಳಿದಿದೆ, ಲೋಹ ಎಷ್ಟು ದಣಿದಿದೆ ಅನ್ನೋದೇ ಅಸಲಿ ವಯಸ್ಸು. ಸಮುದ್ರದ ಮೇಲೆ ಹಾರೋದಕ್ಕೆ ಉಪ್ಪುಗಾಳಿಯ ತುಕ್ಕು ಬೇರೆ. ಇನ್ನು ಬಿಡಿಭಾಗ. ತಯಾರಿಸಿದ ಕಂಪನಿಯೇ ಆ ಮಾದರಿ ನಿಲ್ಲಿಸಿದ ಮೇಲೆ, ಒಂದು ವಿಮಾನದ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಬೇಕಾಗುತ್ತೆ. ಲೆಕ್ಕದ ಪುಸ್ತಕದಲ್ಲಿ ಹತ್ತು ವಿಮಾನ, ಹಾರೋದು ಐದೋ ಆರೋ. ಅಂದ್ರೆ ಹಳೇದನ್ನ ಇಟ್ಕೊಳ್ಳೋದು ಪುಕ್ಕಟೆ ಅಲ್ಲ. ಆ ಖರ್ಚು ರಿಪೇರಿ ಬಿಲ್ಲಿನಲ್ಲಿ ಚೂರುಚೂರಾಗಿ ಬರುತ್ತೆ, ಅಷ್ಟೇ.

ಹಾಗಾದ್ರೆ ಒಳ್ಳೆಯ ನಿವೃತ್ತಿ ಹೇಗಿರುತ್ತೆ? ಬೀಚಿನಲ್ಲಿರೋ ಟಿಯು-142ನ್ನೇ ನೋಡಿ. 1988ರಲ್ಲಿ ಸೇರಿತು. ಜಲಾಂತರ್ಗಾಮಿಗಳನ್ನು ಹುಡುಕೋದು ಅದರ ಮುಖ್ಯ ಕೆಲಸ. 2017ರ ಮಾರ್ಚ್ 29ರಂದು ತಮಿಳುನಾಡಿನ ಅರಕ್ಕೋಣಂನಲ್ಲಿ ಬೀಳ್ಕೊಡುಗೆ ಆಯ್ತು. ಆದರೆ ಅದರ ಜಾಗಕ್ಕೆ ಬರಬೇಕಾದ ಅಮೆರಿಕದ ಪಿ-8ಐ ವಿಮಾನಕ್ಕೆ ನಾವು ಸಹಿ ಹಾಕಿದ್ದು 2009ರ ಜನವರಿಯಲ್ಲಿ. ಮೊದಲನೆಯದು 2013ರಲ್ಲೇ ಬಂತು. ಸುಮಾರು ನಾಲ್ಕು ವರ್ಷ ಹಳೇದು, ಹೊಸದು ಎರಡೂ ಒಟ್ಟಿಗೆ ಹಾರಿದವು. ಒಂದೇ ಒಂದು ದಿನ ಕೂಡ ಕಾವಲು ಖಾಲಿ ಬೀಳಲಿಲ್ಲ.

ಇದೇ ಕೆಲಸದ ವಿಮಾನವನ್ನ ಬ್ರಿಟನ್ ಏನು ಮಾಡಿತು ಗೊತ್ತಾ? 2010ರಲ್ಲಿ ಸರ್ಕಾರದ ಖರ್ಚು ಕಡಿಮೆ ಮಾಡೋಕೆ ಹೊರಟಾಗ, ಆ ವರ್ಷವೇ ನಿಮ್ರಾಡ್ ವಿಮಾನಗಳನ್ನು ನಿಲ್ಲಿಸಿದ್ರು. ಬದಲಿಗೆ ಬರಬೇಕಿದ್ದ ಹೊಸ ನಿಮ್ರಾಡ್ ಯೋಜನೆಯನ್ನೂ ರದ್ದು ಮಾಡಿದ್ರು. ಬಜೆಟ್ಟಿನಲ್ಲಿ ಉಳಿತಾಯ ಚೆನ್ನಾಗಿಯೇ ಕಾಣಿಸ್ತು. ಆಮೇಲೆ ತಮ್ಮ ಸಮುದ್ರದಲ್ಲಿ ಜಲಾಂತರ್ಗಾಮಿ ಹುಡುಕೋಕೆ ಮಿತ್ರದೇಶಗಳ ವಿಮಾನ ಕರೆಸಬೇಕಾಯ್ತು. ಅವರ ಮೊದಲ ಪಿ-8 ಸ್ಕಾಟ್ಲೆಂಡಿನಲ್ಲಿ ಇಳಿದಿದ್ದು 2020ರಲ್ಲಿ. ಹತ್ತು ವರ್ಷದ ಖಾಲಿ ಜಾಗ!

ನಮ್ಮಲ್ಲಿ ಕಡಿತದ ರೀತಿ ಬೇರೆ. ರಕ್ಷಣಾ ಬಜೆಟ್ಟಿನ ಒಟ್ಟು ಮೊತ್ತ ವರ್ಷವರ್ಷ ಏರ್ತಾನೇ ಇದೆ. 2025-26ಕ್ಕೆ ಅದು 6.81 ಲಕ್ಷ ಕೋಟಿ ಇತ್ತು. ಆದರೆ ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ ಹೋಯ್ತು. ವಿಮಾನ, ಹಡಗು ಮುಂತಾದವುಗಳ ಖರೀದಿಗೆಂದು ಮೂರೂ ಪಡೆಗಳಿಗೆ ಸೇರಿ ಉಳಿದಿದ್ದು 1.80 ಲಕ್ಷ ಕೋಟಿ. ಆ ಹಂಚಿಕೆಯಲ್ಲಿ ಯಾರ ಪಾಲು ಕುಗ್ಗುತ್ತೋ ಅವರಿಗೆ ಅದೇ ಕಡಿತ. 2019ರ ಡಿಸೆಂಬರಿನಲ್ಲಿ ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಕರಂಬೀರ್ ಸಿಂಗ್ ಇದನ್ನ ಬಹಿರಂಗವಾಗೇ ಹೇಳಿದ್ರು: 2012ರಲ್ಲಿ ಶೇ. 18 ಇದ್ದ ನೌಕಾಪಡೆಯ ಪಾಲು ಶೇ. 13ಕ್ಕೆ ಇಳಿದಿದೆ ಅಂತ. ಅವರು ಸ್ವತಃ ಹೆಲಿಕಾಪ್ಟರ್ ಪೈಲಟ್. ಆ ಹುದ್ದೆಗೇರುವ ಮುಂಚೆ ಇದೇ ವಿಶಾಖಪಟ್ಟಣದಲ್ಲಿ ಪೂರ್ವ ಕಮಾಂಡ್ ನೋಡಿಕೊಂಡವರು.

ಪಾಲು ಕುಗ್ಗಿದಾಗ ಬ್ರಿಟನ್ ಹಳೇದನ್ನ ತೆಗೆದುಹಾಕಿತು. ನಾವು ಹೊಸದನ್ನ ಮುಂದೂಡ್ತೀವಿ. ಚೇತಕ್ ಜಾಗಕ್ಕೆ 111 ಹೆಲಿಕಾಪ್ಟರ್ ಬೇಕು ಅಂತ ರಕ್ಷಣಾ ಖರೀದಿ ಮಂಡಳಿ ಒಪ್ಪಿದ್ದು 2018ರ ಆಗಸ್ಟಿನಲ್ಲಿ, 21 ಸಾವಿರ ಕೋಟಿಗೂ ಹೆಚ್ಚಿನ ಅಂದಾಜಿಗೆ. ವಿಜಯವಾಡ ಮುಳುಗಿದಾಗ ಅದಕ್ಕೆ ಆರು ವರ್ಷ ತುಂಬಿತ್ತು. ಆ 111ರಲ್ಲಿ ಒಂದೂ ಬಂದಿರಲಿಲ್ಲ.

ಇನ್ನೊಂದು ತಾರೀಕು ನೋಡಿ. 2024ರ ಜೂನ್ 28, ಅಂದ್ರೆ ಆ ನೆರೆಗೆ ಎರಡೇ ತಿಂಗಳು ಮುಂಚೆ. ವಿಶಾಖಪಟ್ಟಣದ ಐಎನ್‌ಎಸ್ ದೇಗಾದಲ್ಲಿ ಯುಎಚ್-3ಎಚ್ ಹೆಲಿಕಾಪ್ಟರ್‌ಗಳು 17 ವರ್ಷದ ಸೇವೆ ಮುಗಿಸಿ ನಿವೃತ್ತವಾದವು. ಐಎನ್‌ಎಸ್ ಜಲಾಶ್ವ ಹಡಗಿನ ಜೊತೆ ಅಮೆರಿಕದಿಂದ ಸೆಕೆಂಡ್ ಹ್ಯಾಂಡ್ ಬಂದವು ಅವು. ಶೋಧ, ರಕ್ಷಣೆ, ಸಾಮಾನು ಸಾಗಣೆಗೆ ಹೇಳಿ ಮಾಡಿಸಿದಂಥವು. ಅವುಗಳ ಜಾಗಕ್ಕೆ ಬಂದಿದ್ದು ಸೀಕಿಂಗ್ 42ಸಿ. ಅದು ನೌಕಾಪಡೆ ಸೇರಿದ್ದು 1980ರ ದಶಕದಲ್ಲಿ! ಹಳೇದು ಹೋಗಿ ಇನ್ನೊಂದು ಹಳೇದು ಬಂತು. ಯುಎಚ್-3ಎಚ್ ಇದ್ದಿದ್ದರೆ ಸಿಂಗ್ ನಗರದ ಕಥೆ ಬೇರೆಯಾಗ್ತಿತ್ತು ಅಂತ ನಾನು ಹೇಳ್ತಿಲ್ಲ. ಅಲ್ಲಿಗೆ ವಾಯುಪಡೆಯೂ ಬಂದಿತ್ತು. ನಾನು ಹೇಳೋದು ಇಷ್ಟೇ: ಇದನ್ನ ಬದಲಿ ಅನ್ನೋಕಾಗಲ್ಲ.

ಹೊಸದೆಲ್ಲ ಒಳ್ಳೇದು ಅಂತಲೂ ಅಲ್ಲ. 2023ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ಚೇತಕ್ ಅಪಘಾತವಾಗಿ ನೌಕಾಪಡೆಯವರೊಬ್ಬರು ತೀರಿಕೊಂಡರು. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ಸತ್ತರು. ಆಮೇಲೆ ದೇಶದ ಧ್ರುವ್‌ಗಳೆಲ್ಲ ತಿಂಗಳುಗಟ್ಟಲೆ ನೆಲ ಬಿಟ್ಟು ಏಳಲಿಲ್ಲ. ಹೊಸದು ನಿಂತಾಗ ಭಾರ ಬೀಳೋದು ಮತ್ತೆ ಹಳೇದರ ಬೆನ್ನಿಗೇ.

ಇಷ್ಟೆಲ್ಲ ಓದಿಕೊಂಡು ಭಾವನಿಗೆ ಫೋನ್ ಮಾಡಿದೆ. "ಭಾವ, ನಿಮ್ಮ ಪ್ರಶ್ನೆ ಸರಿ. ಬದಲಿ ಇಲ್ಲದೆ ನಿವೃತ್ತಿ ಮಾಡಬಾರದು. ಆದ್ರೆ ಬದಲಿ ತರಿಸದೇ ಇರೋದು ಉಳಿತಾಯ ಅಲ್ಲ. ಬ್ರಿಟನ್ನಿನವರ ಉಳಿತಾಯದ ಬೆಲೆ ಸಮುದ್ರದಲ್ಲಿ ಕಾಣಿಸ್ತು. ನಮ್ಮ ಉಳಿತಾಯದ ಬೆಲೆ ಅದರೊಳಗೆ ಕೂತು ಹಾರೋರ ತಲೆ ಮೇಲಿದೆ" ಅಂದೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಆವತ್ತು ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಪೊಟ್ಟಣ ಹಾಕಿದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ನಾನು ಪೊಟ್ಟಣ ಮಾತ್ರ ನೋಡಿದ್ದೆ ಕಣಪ್ಪ" ಅಂದ್ರು.

ಇನ್ನು ಮುಂದೆ ಯಾವುದಾದರೂ ವಿಮಾನದ ನಿವೃತ್ತಿ ಸುದ್ದಿ ಬಂದಾಗ ಎರಡು ತಾರೀಕು ಹುಡುಕಿ. ಹಳೇದು ಹೋಗಿದ್ದು ಯಾವಾಗ, ಹೊಸದಕ್ಕೆ ಸಹಿ ಬಿದ್ದಿದ್ದು ಯಾವಾಗ? ಮೊದಲಿನದು ಎಲ್ಲಾ ಪೇಪರಿನಲ್ಲೂ ಬರುತ್ತೆ, ಎರಡನೆಯದನ್ನ ನಾವೇ ಕೇಳಬೇಕು.

ಮುಂದಿನ ವಾರ ಸಿಗೋಣ. ನಮಸ್ಕಾರ.