ತೋಟಕ್ಕೆ ಬರುವ ಸಂಶೋಧನಾ ವಿದ್ಯಾರ್ಥಿ: ನಾವು ಕೊಡುವುದೇನು, ಪಡೆಯುವುದೇನು?

ಮಳೆ ಹಿಂದೆ ಸರಿದು ತೋಡಿನ ನೀರು ತಿಳಿಯಾಗುವ ಹೊತ್ತಿಗೆ ನಮ್ಮ ಕಡೆಯ ತೋಟಗಳಲ್ಲಿ ಕೆಲವೊಮ್ಮೆ ಹೊಸ ಮುಖಗಳು ಕಾಣಿಸುತ್ತವೆ. ಕೈಯಲ್ಲಿ ಸಣ್ಣ ಬಲೆ, ಹೆಗಲಲ್ಲಿ ಚೀಲ, ಜೇಬಿನಲ್ಲೊಂದು ಟಿಪ್ಪಣಿ ಪುಸ್ತಕ. ಒಬ್ಬರು ತೋಡಿನ ಮೀನು ಎಣಿಸುತ್ತಾರೆ, ಇನ್ನೊಬ್ಬರು ಬೆಳಗಿನ ಜಾವಕ್ಕೇ ಬಂದು ಹಕ್ಕಿಯ ಕೂಗು ಕೇಳುತ್ತಾ ನಿಲ್ಲುತ್ತಾರೆ. "ಇವರಿಗೆ ಬೇರೆ ಕೆಲಸವಿಲ್ಲವೇ? ಮಂಗನ ಕಾಟಕ್ಕೆ ಮದ್ದು ಹೇಳುವುದು ಬಿಟ್ಟು ಕಪ್ಪೆ ಎಣಿಸಿ ಏನು ಮಾಡುತ್ತಾರೆ?" ಎಂದು ನಮ್ಮಲ್ಲಿ ಹಲವರು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದುದೇ. ಆದುದರಿಂದ ಈ ವಿದ್ಯೆ ಯಾವುದು, ಅದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಣ್ಣ ಬೆಳೆಗಾರನಿಗೆ ಏನು ಲಾಭ, ಬಂದವರಿಂದ ನಾವು ಏನನ್ನು ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಈ ವಿದ್ಯೆ ಎಲ್ಲಿ ಕಲಿಸುತ್ತಾರೆ?

ಮೀನಿನ ವಿಷಯದಲ್ಲಿ ನಮ್ಮ ಜಿಲ್ಲೆ ದೇಶಕ್ಕೇ ಮೊದಲು. ಭಾರತದ ಮೊತ್ತಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು; 2005ರಿಂದ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆಡಳಿತದಲ್ಲಿದೆ. ಇಲ್ಲಿ ನಾಲ್ಕು ವರ್ಷದ ಪದವಿಯ ನಂತರ ಎರಡು ವರ್ಷದ ಸ್ನಾತಕೋತ್ತರ ಪದವಿ, ಮುಂದೆ ಡಾಕ್ಟರೇಟ್. ಸ್ನಾತಕೋತ್ತರ ವಿದ್ಯಾರ್ಥಿ ಒಂದು ವಿಷಯವನ್ನು ಹಿಡಿದು, ತಾನೇ ಅಳೆದು, ತೂಗಿ, ಪ್ರಬಂಧ ಬರೆಯಬೇಕು.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಪ್ರಾಣಿಶಾಸ್ತ್ರದವರು ಕಪ್ಪೆ, ಕೀಟ, ಜೇನುಗಳ ಅಧ್ಯಯನ ನಡೆಸುತ್ತಾ ಬಂದಿದ್ದಾರೆ. ಮಂಗಳೂರು ನಗರದ ಆಸುಪಾಸಿನಲ್ಲೇ ಸಿಕ್ಕಿದ ಒಂದು ಪುಟ್ಟ ಕಪ್ಪೆಗೆ ಊರಿನ ಕೊಂಕಣಿ ಹೆಸರಾದ 'ಕೊಡಿಯಾಲ' ಸೇರಿಸಿ 2018ರಲ್ಲಿ ಹೊಸ ಜಾತಿಯೆಂದು ನಾಮಕರಣವಾದುದು ಇಂಥ ಅಧ್ಯಯನದ ಫಲ. ಘಟ್ಟದ ಮೇಲೆ ಶಿರಸಿಯಲ್ಲಿಯೂ ಕೊಡಗಿನ ಪೊನ್ನಂಪೇಟೆಯಲ್ಲಿಯೂ ಅರಣ್ಯ ಕಾಲೇಜುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಿಂದ ಪರಿಸರ ವಿಜ್ಞಾನದ ಕೇಂದ್ರವಿದೆ.

ಹೊರದೇಶದ ಒಂದು ಮಾತನ್ನೂ ಹೇಳಬೇಕು. ಅಮೆರಿಕದ ಅಯೋವಾ ಎಂಬುದು ಮೆಕ್ಕೆಜೋಳ ಬೆಳೆಯುವ ರೈತರ ರಾಜ್ಯ. 1932ರಲ್ಲಿ ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರರ ಮುತುವರ್ಜಿಯಿಂದ ಅಲ್ಲಿನ ಕೃಷಿ ಕಾಲೇಜೂ ರಾಜ್ಯದ ಮೀನು ಮತ್ತು ಬೇಟೆ ಇಲಾಖೆಯೂ ಕೂಡಿ ಒಂದು ಸಂಶೋಧನಾ ಘಟಕವನ್ನು ಕಟ್ಟಿದರು. 1935ರಿಂದ ಅದು ಇತರ ರಾಜ್ಯಗಳಿಗೂ ಹರಡಿತು. ಆ ಘಟಕಗಳ ಹೆಸರಿನಲ್ಲೇ 'ಸಹಕಾರಿ' ಎಂಬ ಶಬ್ದವಿದೆ. ಕಾಲೇಜು ಜಾಗ ಕೊಟ್ಟು ವಿದ್ಯಾರ್ಥಿಗಳನ್ನು ಒದಗಿಸಿತು, ಸರಕಾರ ಹಣ ಕೊಟ್ಟಿತು, ಅಧ್ಯಯನ ರೈತರ ಹೊಲಗದ್ದೆಗಳವರೆಗೂ ಬಂದಿತು. ಒಬ್ಬರಿಂದಾಗದ್ದು ಕೂಡಿ ಮಾಡಿದರೆ ಆಗುತ್ತದೆ ಎಂಬುದು ಸಹಕಾರ ಸಂಘದವರಾದ ನಮಗೆ ಹೊಸ ಮಾತಲ್ಲ.

ಕಾಡು ಬಿಟ್ಟು ತೋಟಕ್ಕೇಕೆ ಬರುತ್ತಾರೆ?

ಕಾಡುಪ್ರಾಣಿಗೆ ಸರ್ವೆ ನಂಬ್ರ ಗೊತ್ತಿಲ್ಲ. ಚಾರ್ಮಾಡಿ, ಶಿಶಿಲದ ಕಾಡಿನಂಚಿನಲ್ಲಿ ತೋಟವಿರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತೋಟ ಎಷ್ಟರ ಮಟ್ಟಿಗೆ ಕಾಡಿನಂತೆ ಕೆಲಸ ಮಾಡುತ್ತದೆ ಎಂಬುದನ್ನು ಅಳೆದು ಹೇಳಿದವರು ಸಂಶೋಧಕರು. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ನಮ್ಮವರೂ ಅಮೆರಿಕದವರೂ ಕೂಡಿ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆ ಪ್ರದೇಶದ ಕಾಡಿಗೆ ಸಂಬಂಧಪಟ್ಟ ಹಕ್ಕಿ ಜಾತಿಗಳಲ್ಲಿ ಶೇಕಡಾ 90ರಷ್ಟಕ್ಕೆ ಅಡಿಕೆ ಬೇಸಾಯದ ವ್ಯವಸ್ಥೆಯಲ್ಲಿಯೂ ಆಸರೆಯಿದೆ ಎಂದು ಅದು ತೋರಿಸಿತು. ಎತ್ತರದ ಅಡಿಕೆ, ಕೆಳಗೆ ಮಿಶ್ರ ಬೆಳೆ, ಪಕ್ಕದಲ್ಲಿ ಸೊಪ್ಪಿಗಾಗಿ ಉಳಿಸಿಕೊಂಡ ಬೆಟ್ಟ, ಇವು ಕೂಡಿದ್ದರಿಂದಲೇ ಇದು ಸಾಧ್ಯವಾದುದು. ಅಲ್ಲಿಯ ಸೊಪ್ಪಿನ ಬೆಟ್ಟದ ಜಾಗದಲ್ಲಿ ನಮ್ಮಲ್ಲಿ ಕುಮ್ಕಿ ಇದೆ. ಕುಮ್ಕಿಯ ಮರ ಕಡಿದು ಬೋಳು ಮಾಡಿದ ಮೇಲೆ ಬರಿಯ ಅಡಿಕೆ ಮರಗಳಿಂದ ಆ ಫಲವನ್ನು ನಿರೀಕ್ಷಿಸುವಂತಿಲ್ಲ.

ಕಾಫಿಯ ವಿಷಯದಲ್ಲಿಯೂ ಹಾಗೆಯೇ. ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ 200ಕ್ಕೂ ಮಿಕ್ಕಿ ಜಾತಿಯ ಹಕ್ಕಿಗಳಿರುವುದನ್ನು 2016ರ ಒಂದು ಅಧ್ಯಯನ ದಾಖಲಿಸಿತು. ಅಡಿಕೆಯ ನಡುವೆ ರೊಬಸ್ಟಾ ಹಾಕಿದ ನಮ್ಮ ಸದಸ್ಯರು ಇನ್ನೊಂದನ್ನು ಗಮನಿಸಬೇಕು. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿಯೋ ಜೇನೋ ಬೇರೆ ಗಿಡದ ಪರಾಗ ತರಬೇಕು. ಕೊಡಗಿನ ತೋಟಗಳಲ್ಲಿ ಈ ಕೆಲಸದಲ್ಲಿ ಹೆಜ್ಜೇನಿನ ಪಾಲು ದೊಡ್ಡದೆಂದು ಸಂಶೋಧಕರು ಕಂಡಿದ್ದಾರೆ. ಹೂ ಅರಳಿದಾಗ ಕೀಟನಾಶಕ ಹೊಡೆಯುವವನು ತನ್ನ ಫಸಲಿಗೇ ಹೊಡೆದಂತೆ.

ಬೆಳ್ತಂಗಡಿ ಕಲಿಸಿದ ಪಾಠ

ಕಾಡುಪ್ರಾಣಿಯ ಅಧ್ಯಯನ ಬರಿಯ ಹವ್ಯಾಸವಲ್ಲ ಎಂಬುದಕ್ಕೆ ನಮ್ಮ ತಾಲೂಕೇ ಸಾಕ್ಷಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರೂ ಜ್ವರದಿಂದ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಂಗ, ಇಲಿ, ಹಕ್ಕಿ, ಉಣುಗುಗಳನ್ನೆಲ್ಲ ಪರೀಕ್ಷಿಸಿ, ರೋಗಾಣು ಉಣುಗಿನಿಂದ ಹರಡುತ್ತದೆಂದು ಕಂಡುಹಿಡಿದರು. ಮಂಗ ಸತ್ತ ಜಾಗದಲ್ಲಿ ಅದರ ಮೈಮೇಲಿನ ಉಣುಗು ನೆಲಕ್ಕುದುರಿ, ದಾರಿಹೋಕನನ್ನು ಕಚ್ಚುತ್ತದೆ.

1982-83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಕಾಡು ಕಡಿದು ಗೇರು ನೆಡುವ ಕೆಲಸ ನಡೆದ ಬೆನ್ನಿಗೇ ಈ ಮಂಗನ ಕಾಯಿಲೆ ಉಲ್ಬಣಿಸಿತು. ಸಾವಿರಕ್ಕೂ ಮಿಕ್ಕಿ ಜನ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರು ಕೂಲಿಗೆ ಹೋದವರು, ಸೊಪ್ಪು ಸೌದೆಗೆ ಹೋದವರು, ನಮ್ಮಂಥವರೇ. ಕಾಡಿನಲ್ಲಿ ಮಂಗ ಸತ್ತ ಸುದ್ದಿಯೇ ಮುನ್ನೆಚ್ಚರಿಕೆಯ ಗಂಟೆ ಎಂಬ ತಿಳಿವಳಿಕೆ ಎಲ್ಲರಿಗೂ ಮುಟ್ಟಿದ್ದರೆ ಎಷ್ಟೋ ಮಂದಿ ದೂರ ನಿಲ್ಲುತ್ತಿದ್ದರು.

ಆದುದರಿಂದ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಅದೇ ದಿನ ಆರೋಗ್ಯ ಕೇಂದ್ರಕ್ಕೂ ಪಶು ಆಸ್ಪತ್ರೆಗೂ ತಿಳಿಸಿ. ಡಿಸೆಂಬರಿನಿಂದ ಮೇವರೆಗೆ ಈ ರೋಗದ ಕಾಲ. ತರಗೆಲೆ ಒಟ್ಟುವ ಕಾಲವೂ ಅದೇ. ಗುಡ್ಡೆಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣುಗು ತಡೆಯುವ ಎಣ್ಣೆ ಹಚ್ಚಿ ಹೋಗಲಿ; ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಲಿ.

ತುತ್ತು, ತೋಡು ಮತ್ತು ಮೀನು

ಇನ್ನು ಮೀನಿನ ಮಾತು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ಸರಕಾರದ ಕೋಲ್ಮನ್ ಅವರು 1910ರಲ್ಲಿ ವರ್ಣಿಸಿದರು. ಅಂದಿನಿಂದ ಬೋರ್ಡೋ ದ್ರಾವಣವೇ ನಮ್ಮ ರಕ್ಷೆ. ನಮ್ಮ ಬಂಟ್ವಾಳ ತಾಲೂಕಿನ ವಿಟ್ಲದ ಸಂಶೋಧನಾ ಕೇಂದ್ರವೂ ಶೇಕಡಾ 1ರ ದ್ರಾವಣವನ್ನೇ ಹೇಳುತ್ತದೆ. ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ತಾಮ್ರ ಮೀನಿಗೆ, ಅದರಲ್ಲೂ ಮೀನಿನ ಮೊಟ್ಟೆ ಮರಿಗಳಿಗೆ, ಅತಿ ಸಣ್ಣ ಪ್ರಮಾಣದಲ್ಲಿಯೇ ವಿಷ. ಮೊದಲ ಮಳೆಗೆ ಮೀನು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿ ಮೊಟ್ಟೆಯಿಡುವ ಕಾಲಕ್ಕೇ ನಮ್ಮ ಮೊದಲ ಸಿಂಪಡಣೆಯೂ ನಡೆಯುತ್ತದೆ. ಉಳಿದ ಮದ್ದನ್ನು ತೋಡಿಗೆ ಸುರಿದು, ಡ್ರಮ್ಮನ್ನು ಅಲ್ಲೇ ತೊಳೆದರೆ ಕೆಳಗಿನ ಗುಂಡಿಯ ಮೀನು, ಸಿಗಡಿ, ಏಡಿಗಳ ಗತಿಯೇನು? ಸೊಳ್ಳೆಮರಿಯನ್ನು ತಿನ್ನುವ ಕಿರುಮೀನೂ ಅದರೊಂದಿಗೇ ಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ತಿಕ್ಕಿ ಹೊಳೆಯಿಸಿದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ: ಅಲಗು ಕೆಂಪಾದರೆ ಸುಣ್ಣ ಸಾಲದು. ಸುಣ್ಣ ಸರಿಯಾಗಿ ಸೇರಿದ ದ್ರಾವಣದಲ್ಲಿ ಕರಗಿದ ತಾಮ್ರ ಕಡಿಮೆ, ಗೊನೆಯೂ ಸುಡುವುದಿಲ್ಲ. ಅಂದಂದಿಗೆ ಬೇಕಾದಷ್ಟೇ ಮಾಡಿ, ಡ್ರಮ್ಮಿನ ತೊಳೆನೀರನ್ನು ತೋಡಿನಿಂದ ದೂರ ನೆಲಕ್ಕೆ ಚೆಲ್ಲಿ.

ಶಿಶಿಲದ ಶಿಶಿಲೇಶ್ವರ ದೇವಸ್ಥಾನದೆದುರು ಕಪಿಲಾ ಹೊಳೆಯಲ್ಲಿ ದೇವರ ಮೀನುಗಳನ್ನು ನೋಡದವರು ನಮ್ಮಲ್ಲಿ ವಿರಳ. ಇವು ಮಹಶೀರ್ ಜಾತಿಯವು. ದೇವರ ಹೆಸರಿನಲ್ಲಿ ಊರವರು ಕಾಯ್ದ ಆ ಗುಂಡಿ ವಿಜ್ಞಾನಿಗಳ ದೃಷ್ಟಿಯಲ್ಲಿ ಒಂದು ಮೀನುಧಾಮ. 1990ರ ದಶಕದಲ್ಲಿ ಕಿಡಿಗೇಡಿಗಳು ಅಲ್ಲಿ ವಿಷ ಬೆರೆಸಿ ಮೀನುಗಳ ಮಾರಣಹೋಮ ಮಾಡಿದ್ದನ್ನು ಊರು ಮರೆತಿಲ್ಲ. ಹೊಳೆಗೆ ವಿಷ ಹಾಕುವುದನ್ನೂ ಸಿಡಿಮದ್ದು ಹಾಕುವುದನ್ನೂ 1897ರ ಕಾಯಿದೆಯೇ ನಿಷೇಧಿಸಿತ್ತು. ಕಾಯಿದೆ ಪುಸ್ತಕದಲ್ಲಿದೆ, ಹೊಳೆ ನಮ್ಮ ಕಣ್ಣೆದುರಿಗಿದೆ.

ಬಂದವರನ್ನು ಹೇಗೆ ಕಾಣಬೇಕು?

ಮೊದಲು ಕಾಲೇಜಿನ ಗುರುತುಪತ್ರವನ್ನೂ ಮಾರ್ಗದರ್ಶಕರ ಪತ್ರವನ್ನೂ ಕೇಳಿ ನೋಡಿ. ಪ್ರಾಣಿಗಳನ್ನು ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಇದೆಯೇ ಎಂದು ವಿಚಾರಿಸಿ. ತಾನೇ ಫೋಟೋ ತೆಗೆಯುವ ಕೆಮರಾ ಕಟ್ಟುವುದಾದರೆ ಕೆಲಸದ ಹೆಂಗಸರು ಓಡಾಡುವ ದಾರಿಯಲ್ಲಿ ಬೇಡವೆಂದು ಹೇಳಿ. ಆಮೇಲೆ ಧಾರಾಳವಾಗಿ ತೋಟ ತೋರಿಸಿ.

ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮಂಗ, ಹಂದಿಗಳ ನಷ್ಟವನ್ನು ಸಿಟ್ಟಿನಲ್ಲಿ ಇಮ್ಮಡಿ ಮಾಡಿ ಹೇಳಿದರೆ ಲೆಕ್ಕ ಕೆಡುತ್ತದೆ, ಕೊನೆಗೆ ನಮ್ಮ ಮಾತಿಗೇ ಬೆಲೆಯಿಲ್ಲದಾಗುತ್ತದೆ. ಬದಲಾಗಿ ಒಂದು ಪುಸ್ತಕವಿಟ್ಟು ಯಾವ ತಾರೀಕು ಮಂಗ ಬಂತು, ಎಷ್ಟು ಎಳೆ ಅಡಿಕೆ ಉದುರಿತು, ಆನೆ ಎಷ್ಟು ಬಾಳೆ ಮುರಿಯಿತು, ಮದ್ದು ಯಾವಾಗ ಬಿಟ್ಟದ್ದು ಎಂದು ಬರೆದಿಡಿ. ಎರಡು ವರ್ಷಕ್ಕೆ ಬಂದು ಹೋಗುವ ವಿದ್ಯಾರ್ಥಿಗೆ ಹತ್ತು ವರ್ಷದ ಅಂಥ ಪುಸ್ತಕ ಚಿನ್ನಕ್ಕೆ ಸಮ. ಪರಿಹಾರಕ್ಕೆ ಅರ್ಜಿ ಹಾಕುವಾಗ ನಮಗೂ ಆಧಾರ.

ನಮ್ಮದೂ ಒಂದು ದೂರಿದೆ. ಬಂದವರಲ್ಲಿ ಹಲವರು ಮರಳಿ ಬರುವುದಿಲ್ಲ. ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಗಿ ಗ್ರಂಥಾಲಯ ಸೇರುತ್ತದೆ. ತೋಡು ತೋರಿಸಿದವನಿಗೆ ತನ್ನ ತೋಡಿನಲ್ಲಿ ಏನಿತ್ತೆಂಬುದೇ ತಿಳಿಯುವುದಿಲ್ಲ. ಆದುದರಿಂದ ಸದಸ್ಯರು ಒಂದು ಷರತ್ತು ಹಾಕಬಹುದು: ಕೆಲಸ ಮುಗಿದ ಮೇಲೆ ಕಂಡದ್ದನ್ನು ಎರಡು ಪುಟ ಕನ್ನಡದಲ್ಲಿ ಬರೆದುಕೊಡಬೇಕು, ಸಾಧ್ಯವಾದರೆ ಸಂಘದ ಸಭೆಗೆ ಬಂದು ತುಳುವಿನಲ್ಲೋ ಕನ್ನಡದಲ್ಲೋ ಹೇಳಬೇಕು. ಇದು ಹೆಚ್ಚಿನ ಬೇಡಿಕೆಯಲ್ಲ. ಜಾಗ ನಮ್ಮದು, ಶ್ರಮ ಅವರದು, ತಿಳಿವಳಿಕೆ ಇಬ್ಬರದೂ ಆಗಬೇಕು.

ಕೊಳೆರೋಗಕ್ಕೆ ಮದ್ದು ನಮಗೆ ದೊರೆತದ್ದು ಹಿಂದಿನವರು ಒಬ್ಬ ವಿಜ್ಞಾನಿಯನ್ನು ತೋಟದೊಳಗೆ ಬಿಟ್ಟುಕೊಂಡದ್ದರಿಂದ. ಬಲೆ ಹಿಡಿದು ಗೇಟಿನಲ್ಲಿ ನಿಂತ ಹುಡುಗನನ್ನೋ ಹುಡುಗಿಯನ್ನೋ ಮುಂದಿನ ಬಾರಿ ಕಂಡಾಗ ಇದನ್ನು ನೆನಪಿಡೋಣ. ಬೆಲ್ಲ, ನೀರು ಕೊಟ್ಟು ಕೂರಿಸಿ, ಮೊದಲು ಅವರ ಪತ್ರ ನೋಡೋಣ, ಬಳಿಕ ನಮ್ಮ ಪುಸ್ತಕ ತೋರಿಸೋಣ.